ಚಿಲಕ ತೆಗೆದದ್ದು ಯಾರು?

ಪ್ರಶ್ನೆ: ಕಳೆದ ವಾರ ಸ್ಟ್ಯಾನ್ಲಿ ಕುಬ್ರಿಕ್ ಅವರ 'ದಿ ಶೈನಿಂಗ್' ನೋಡಿದೆ. ಹೆದರಿಕೆ ಆಯ್ತು, ಸುಳ್ಳು ಹೇಳಲ್ಲ. ಆದರೆ ಕಥೆ ಮಾತ್ರ ತಲೆಗೆ ಹೋಗಲಿಲ್ಲ. ಉಗ್ರಾಣದಲ್ಲಿ ಕೂಡಿಹಾಕಿದ್ದ ಜಾಕ್‌ಗೆ ಹೊರಗಿನಿಂದ ಚಿಲಕ ತೆಗೆದದ್ದು ಯಾರು? ಮೊದಲು ಚಾರ್ಲ್ಸ್ ಗ್ರೇಡಿ ಆಗಿದ್ದವನು ಆಮೇಲೆ ಡೆಲ್ಬರ್ಟ್ ಗ್ರೇಡಿ ಹೇಗಾದ? ಪ್ರಾಣಿ ವೇಷ ಹಾಕಿಕೊಂಡು ಎರಡು ಸೆಕೆಂಡ್ ಕಾಣಿಸುವವನು ಯಾರು? ಅಷ್ಟು ದೂರದಿಂದ ಬರುವ ಅಡುಗೆಯವನನ್ನು ಒಂದೇ ಏಟಿಗೆ ಕೊಲ್ಲಿಸುವುದಾದರೆ ಅವನನ್ನು ಕರೆಸಿದ್ದಾದರೂ ಯಾಕೆ? ಕೊನೆಗೆ 1921ರ ಫೋಟೋದಲ್ಲಿ ಜಾಕ್ ಹೇಗೆ ಬಂದ? ಅರ್ಥ ಆಗದಿರುವುದು ನನ್ನ ತಪ್ಪಾ, ಸಿನಿಮಾದ ತಪ್ಪಾ? ಅಥವಾ ನಾನು ನೋಡಿದ್ದು ಪೂರ್ತಿ ಸಿನಿಮಾನೇ ಅಲ್ವಾ?
– ಶಿವಮೊಗ್ಗದ ಓದುಗರು

ಉತ್ತರ: ಕೊನೆಯ ಪ್ರಶ್ನೆಯನ್ನು ನೀವು ಸುಮ್ನೆ ಕೇಳಿರಬಹುದು. ಆದರೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಈ ಸಿನಿಮಾ ಒಂದಲ್ಲ, ಮೂರು ಇವೆ.

1980ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡಾಗ ಕೊನೆಯಲ್ಲಿ ಒಂದು ಆಸ್ಪತ್ರೆಯ ದೃಶ್ಯ ಇತ್ತು. ಬಿಡುಗಡೆಯಾಗಿ ಸುಮಾರು ಒಂದು ವಾರಕ್ಕೇ ಕುಬ್ರಿಕ್ ಅದನ್ನು ಥಿಯೇಟರಿನಲ್ಲಿ ಓಡುತ್ತಿದ್ದ ಪ್ರಿಂಟುಗಳಿಂದಲೇ ಕತ್ತರಿಸಿ ತೆಗೆಸಿದರು. ಉಳಿದದ್ದು 144 ನಿಮಿಷ. ಆಮೇಲೆ ಯುರೋಪಿಗೆ ಕಳಿಸುವಾಗ ಇನ್ನೂ ಸುಮಾರು 25 ನಿಮಿಷ ಕತ್ತರಿ ಹಾಕಿ 119 ನಿಮಿಷಕ್ಕೆ ಇಳಿಸಿದರು. ನೀವು ನೋಡಿದ್ದು ಯಾವುದು ಅಂತ ಪತ್ತೆ ಹಚ್ಚುವುದು ಸುಲಭ. ಹೋಟೆಲಿಗೆ ಹೋಗುವ ಮೊದಲು ಹುಡುಗ ಡ್ಯಾನಿ ಎಚ್ಚರ ತಪ್ಪಿ ಬಿದ್ದಾಗ ಮನೆಗೆ ಒಬ್ಬ ಲೇಡಿ ಡಾಕ್ಟರ್ ಬರುತ್ತಾರಾ? ಬಂದರೆ ನೀವು ನೋಡಿದ್ದು ಉದ್ದದ್ದು. ಬರದಿದ್ದರೆ ಗಿಡ್ಡದು, ಮತ್ತು ನಿಮ್ಮ ಗೊಂದಲದಲ್ಲಿ ಒಂದಿಷ್ಟು ಪಾಲು ಆ ಕತ್ತರಿಗೆ ಸೇರಬೇಕು.

ಸಿನಿಮಾ ನೋಡದವರಿಗೆ ಎರಡು ಮಾತು. ಜಾಕ್ ಟಾರೆನ್ಸ್ ಮೇಷ್ಟ್ರಾಗಿದ್ದವನು, ಈಗ ಬರಹಗಾರ ಆಗಬೇಕು ಅಂತಿರುವವನು. ಕೊಲರಾಡೋದ ಬೆಟ್ಟದ ಮೇಲಿನ ಓವರ್‌ಲುಕ್ ಅನ್ನುವ ದೊಡ್ಡ ಹೋಟೆಲು ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಹೆಂಡತಿ ವೆಂಡಿ, ಮಗ ಡ್ಯಾನಿ ಜೊತೆ ಹೋಗುತ್ತಾನೆ. ಡ್ಯಾನಿಗೆ ಹಿಂದಾಗಿದ್ದು, ಮುಂದಾಗುವುದು ಕಣ್ಣಿಗೆ ಕಟ್ಟುತ್ತದೆ. ಹೋಟೆಲಿನ ಅಡುಗೆಯವನು ಹ್ಯಾಲೊರನ್‌ಗೂ ಅದೇ ಶಕ್ತಿ ಇದೆ, 'ಶೈನಿಂಗ್' ಅನ್ನುವುದು ಅವನ ಅಜ್ಜಿ ಇಟ್ಟ ಹೆಸರು. ಜಾಕ್‌ಗೆ ನಿಧಾನವಾಗಿ ತಲೆ ಕೆಡುತ್ತದೆ, ಕೊನೆಗೆ ಕೊಡಲಿ ಹಿಡಿಯುತ್ತಾನೆ. ಮುಂದೆ ಎಲ್ಲವನ್ನೂ ಬಿಚ್ಚಿ ಹೇಳುತ್ತೇನೆ. ನೋಡಬೇಕು ಅಂತಿರುವವರು ಇಲ್ಲೇ ನಿಲ್ಲಿಸಿ.

ಒಂದೊಂದೇ ಪ್ರಶ್ನೆಗೆ ಬರುವ ಮೊದಲು ಒಂದು ಮಾತು. ದೆವ್ವದ ಕಥೆಯಲ್ಲಿ 'ಯಾಕೆ' ಅನ್ನುವುದನ್ನು ಮುಚ್ಚಿಡಬಹುದು. 'ಏನಾಯ್ತು' ಅನ್ನುವುದನ್ನು ಮುಚ್ಚಿಡಬಾರದು.

ನಿಮಗೆ 'ನಾಳೆ ಬಾ' ನೆನಪಿದೆಯಾ? 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಬೇರೆ ಎಷ್ಟೋ ಊರುಗಳಲ್ಲೂ ಬಾಗಿಲ ಮೇಲೆ ಹಾಗಂತ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ನಿಮಗೆ ಗೊತ್ತಿರುವವರ ದನಿಯಲ್ಲೇ ಕರೆಯುತ್ತದೆ. ಬಾಗಿಲು ತೆಗೆದರೆ ಮುಗೀತು. ಬರೆದದ್ದನ್ನು ಓದಿದರೆ ವಾಪಸ್ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅದು ಯಾರ ದೆವ್ವ? ಯಾಕೆ ಸತ್ತಳು? ಕನ್ನಡ ಓದಲು ಬರುವ ದೆವ್ವಕ್ಕೆ ದಿನಾ ಮೋಸ ಹೋಗ್ತಿದೀನಿ ಅಂತ ಯಾಕೆ ಹೊಳೆಯಲ್ಲ? ನಮ್ಮ ಬೀದಿಯಲ್ಲಿ ಯಾರೂ ಕೇಳಲಿಲ್ಲ. ನಮ್ಮಮ್ಮ ನನ್ನ ಸ್ಲೇಟಿನ ಬಳಪ ತಗೊಂಡು ಹೋಗಿ ಬರೆದೇಬಿಟ್ಟರು. ಅಳಿಸಿಹೋಗದ ಹಾಗೆ ಎರಡು ಸಲ ತಿದ್ದಿದ್ದೂ ನೆನಪಿದೆ. ಕಾರಣ ಒಂದೂ ಗೊತ್ತಿಲ್ಲ, ಆದರೆ ಏನಾಗುತ್ತದೆ, ಏನು ಮಾಡಿದರೆ ತಪ್ಪಿಸಿಕೊಳ್ಳಬಹುದು ಅನ್ನುವುದು ಮಾತ್ರ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಹೆದರಿಕೆಗೆ ಅಷ್ಟು ಸಾಕು.

ಈಗ ಉಲ್ಟಾ ಉದಾಹರಣೆ. ನಾನು ಚಿತ್ರಕಥೆ ತಿದ್ದುವ ಕೆಲಸ ಮಾಡುವವನು. ಕೆಲವು ವರ್ಷಗಳ ಹಿಂದೆ ಒಂದು ಹಾರರ್ ಸಿನಿಮಾದ ಎಡಿಟಿಂಗ್ ಕೋಣೆಯಲ್ಲಿ ಕೂತಿದ್ದೆ. ಹೆಸರು ಬೇಡ. ಸಿನಿಮಾ ಉದ್ದ ಆಯ್ತು ಅಂತ ಇಪ್ಪತ್ತು ನಿಮಿಷ ತೆಗೆಯಬೇಕಾಯಿತು. ಅಜ್ಜಿ ಮೊಮ್ಮಗಳ ತೋಳಿಗೆ ತಾಯಿತ ಕಟ್ಟುವ ದೃಶ್ಯ ತುಂಬಾ ನಿಧಾನ ಅಂತ ಅದೂ ಹೋಯಿತು. ಕ್ಲೈಮ್ಯಾಕ್ಸಿನಲ್ಲಿ ಹುಡುಗಿ ತೋಳಿನಿಂದ ಅದೇ ತಾಯಿತ ಕಿತ್ತು ಎಸೆಯುತ್ತಾಳೆ, ದೆವ್ವ ಕಿರುಚುತ್ತದೆ. ಹೊರಗಿನ ನಾಲ್ಕು ಜನರನ್ನು ಕೂರಿಸಿ ತೋರಿಸಿದಾಗ ಒಬ್ಬರು ಕೇಳಿದ್ದು ಇಷ್ಟೇ: 'ಸಾರ್, ಅವಳು ಎಸೆದದ್ದು ಏನು, ಇಯರ್‌ಫೋನಾ?' ನಿರ್ದೇಶಕರು ಬೆಚ್ಚಿಬಿದ್ದರು. ಸಿನಿಮಾ ಅವರ ತಲೆಯೊಳಗೆ ಪೂರ್ತಿ ಇತ್ತು. ತಾಯಿತ ಕಟ್ಟಿದ ದೃಶ್ಯ ಪರದೆ ಮೇಲಿಲ್ಲ ಅನ್ನುವುದು ಅವರಿಗೆ ಕಾಣಿಸುತ್ತಲೇ ಇರಲಿಲ್ಲ. ಆಮೇಲೆ ಹುಡುಗಿ ಬೆನ್ನು ತಿರುಗಿಸಿ ನಿಂತ ಒಂದು ಶಾಟ್ ಹುಡುಕಿ, 'ಅಜ್ಜಿ ಕಟ್ಟಿದ ತಾಯಿತ ಇದೆ, ನಂಗೇನೂ ಆಗಲ್ಲ' ಅಂತ ಡಬ್ಬಿಂಗಿನಲ್ಲಿ ತುರುಕಿದೆವು. ಬೆನ್ನು ಕಾಣುವ ಶಾಟಿನಲ್ಲಿ ಯಾರಾದರೂ ಜಾಸ್ತಿ ಮಾತಾಡಿದರೆ ಇನ್ನು ಮೇಲೆ ನಿಮಗೂ ಅನುಮಾನ ಬರಲಿ.

ಅಂದರೆ ಕಥೆಯಲ್ಲಿ ಬೇಕಂತಲೇ ಬಿಟ್ಟ ಖಾಲಿ ಜಾಗ ಇರುತ್ತದೆ, ಕತ್ತರಿಯಿಂದ ಆದ ತೂತೂ ಇರುತ್ತದೆ. ಸುಮ್ಮನೆ ಕೈತಪ್ಪಿ ಆದದ್ದೂ ಇರುತ್ತದೆ. 'ದಿ ಶೈನಿಂಗ್'ನಲ್ಲಿ ಮೂರೂ ಇವೆ. ಕುಬ್ರಿಕ್ ದೊಡ್ಡ ಹೆಸರು ಅಂತ ಅವರ ಅಭಿಮಾನಿಗಳು ಮೂರನ್ನೂ ಒಂದೇ ಅಂತ ವಾದಿಸುತ್ತಾರೆ. ಆ ವಾದಗಳನ್ನೆಲ್ಲ ಜೋಡಿಸಿ 2012ರಲ್ಲಿ 'ರೂಮ್ 237' ಅಂತ ಒಂದು ಸಾಕ್ಷ್ಯಚಿತ್ರವೇ ಬಂತು. ಮಜಾ ಇದೆ, ನೋಡಿ. ನಂಬಬೇಡಿ.

ಈಗ ಚಿಲಕ. ನನ್ನ ಪ್ರಕಾರ ಇಡೀ ಸಿನಿಮಾ ನಿಂತಿರುವುದು ಅದರ ಮೇಲೆ.

ವೆಂಡಿ ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಜಾಕ್‌ನನ್ನು ಮೆಟ್ಟಿಲಿಂದ ಬೀಳಿಸುತ್ತಾಳೆ. ಎಚ್ಚರ ತಪ್ಪಿದವನನ್ನು ಕಾಲು ಹಿಡಿದು ಉಗ್ರಾಣಕ್ಕೆ ಎಳೆದುಕೊಂಡು ಹೋಗುತ್ತಾಳೆ. ಅಲ್ಲಿ ಬಾಗಿಲಿನ ಚಿಲಕದ ಜೊತೆ ಒದ್ದಾಡುತ್ತಾಳೆ ನೋಡಿ, ಅದನ್ನು ಕುಬ್ರಿಕ್ ಅವಸರ ಇಲ್ಲದೆ ತೋರಿಸುತ್ತಾರೆ. ಅವಳ ಕೈ ನಡುಗುತ್ತಿದೆ, ಅದು ಬೇಗ ಬರುವುದಿಲ್ಲ, ಅಷ್ಟರಲ್ಲಿ ಅವನು ಏಳುತ್ತಿದ್ದಾನೆ. ಯಾಕೆ ಅಷ್ಟು ಹೊತ್ತು? ಚಿಲಕ ಹೊರಗಡೆ ಇದೆ, ಗಟ್ಟಿಯಾಗಿದೆ, ಒಳಗಿನಿಂದ ತೆಗೆಯಲು ಆಗಲ್ಲ ಅನ್ನುವುದು ನಮ್ಮ ಮನಸ್ಸಿನಲ್ಲಿ ಕೂರಬೇಕು. ನಮ್ಮ ತಾಯಿತದ ದೃಶ್ಯ ಇದ್ದಂತೆ ಇದು. ವ್ಯತ್ಯಾಸ ಏನೆಂದರೆ ಅವರು ಇದನ್ನು ಕತ್ತರಿಸಲಿಲ್ಲ.

ಅಲ್ಲಿಯವರೆಗೆ ಜಾಕ್ ನೋಡಿದ ದೆವ್ವಗಳನ್ನೆಲ್ಲ ಭ್ರಮೆ ಅಂತ ತಳ್ಳಿಹಾಕಬಹುದು. ಕುಡಿತ ಬಿಟ್ಟವನು, ಬರೆಯಲು ಆಗದವನು, ತಿಂಗಳುಗಟ್ಟಲೆ ಹಿಮದಲ್ಲಿ ಸಿಕ್ಕಿಕೊಂಡವನು. ಗಮನಿಸಿ ನೋಡಿ, ಅವನು ದೆವ್ವದ ಜೊತೆ ಮಾತಾಡುವಾಗೆಲ್ಲ ಎದುರಿಗೋ ಪಕ್ಕದಲ್ಲೋ ಕನ್ನಡಿ ಇರುತ್ತದೆ. ಬಾರಿನಲ್ಲಿ ಮದ್ಯ ಸುರಿದು ಕೊಡುವ ಲಾಯ್ಡ್ ಹಿಂದೆ ಕನ್ನಡಿ, 237ನೇ ಕೋಣೆಯ ಬಚ್ಚಲಲ್ಲಿ ಕನ್ನಡಿ, ಹಿಂದೆ ಇದೇ ಹೋಟೆಲು ಕಾಯುತ್ತಿದ್ದು ಹೆಂಡತಿ ಮಕ್ಕಳನ್ನು ಕೊಂದ ಗ್ರೇಡಿಯ ಜೊತೆ ಮಾತಾಡುವ ಕೆಂಪು ಬಚ್ಚಲಲ್ಲೂ ಕನ್ನಡಿ. ತನ್ನ ಜೊತೆ ತಾನೇ ಮಾತಾಡ್ತಿದ್ದಾನೆ ಅನ್ನಬಹುದು. ಉಗ್ರಾಣದಲ್ಲಿ ಬರೀ ಡಬ್ಬಿ, ಚೀಲ, ಪೆಟ್ಟಿಗೆಗಳು. ಕನ್ನಡಿ ಇಲ್ಲ. ಬಾಗಿಲಾಚೆಯಿಂದ ಗ್ರೇಡಿಯ ದನಿ ಬರುತ್ತದೆ. ನಿನ್ನ ಕೈಲಿ ಈ ಕೆಲಸ ಆಗುತ್ತದಾ, ಮಾತು ಕೊಡು ಅನ್ನುತ್ತಾನೆ. ಜಾಕ್ ಮಾತು ಕೊಡುತ್ತಾನೆ. ಕ್ಯಾಮೆರಾ ಒಳಗೇ ಇದೆ, ನಮಗೆ ಕೈ ಕಾಣಿಸುವುದಿಲ್ಲ. ಚಿಲಕ ಸರಿದ ಸದ್ದು ಮಾತ್ರ ಕೇಳಿಸುತ್ತದೆ.

ಚಿಲಕ ತೆಗೆದದ್ದು ಗ್ರೇಡಿಯ ದೆವ್ವ. ಇದು ನನ್ನ ಊಹೆ ಅಲ್ಲ. ಕುಬ್ರಿಕ್ ಅವರೇ ವಿಮರ್ಶಕ ಮಿಶೆಲ್ ಸಿಮೆಂಟ್ ಜೊತೆಗಿನ ಸಂದರ್ಶನದಲ್ಲಿ ಈ ಮಾತು ಹೇಳಿದ್ದಾರೆ: ಅಲ್ಲಿಯವರೆಗೆ ಎಲ್ಲಕ್ಕೂ ಮನಸ್ಸಿನ ಕಾಯಿಲೆ ಅನ್ನುವ ವಿವರಣೆ ಕೊಡಬಹುದು, ಚಿಲಕ ಸರಿದ ಮೇಲೆ ಬೇರೆ ದಾರಿಯೇ ಇಲ್ಲ. ಏನಾಯ್ತು ಅನ್ನುವುದು ಸ್ಪಷ್ಟ. ಬೆಲೆ ಏನು ಅನ್ನುವುದೂ ಸ್ಪಷ್ಟ: ಹೆಂಡತಿ, ಮಗನ ಪ್ರಾಣ. ಸತ್ತವನು ಕಬ್ಬಿಣದ ಚಿಲಕವನ್ನು ಹೇಗೆ ಸರಿಸಿದ ಅನ್ನುವುದೊಂದೇ ಗೊತ್ತಿಲ್ಲ. ಅದು ಗೊತ್ತಾಗಿದ್ದರೆ ವೆಂಡಿ ಬೇರೆ ಏನಾದರೂ ಮಾಡುತ್ತಿದ್ದಳಾ? ಇಲ್ಲ. ಹಾಗಾಗಿ ಆ ಖಾಲಿ ಜಾಗ ಖಾಲಿಯಾಗಿಯೇ ಇರಲಿ.

ಕನ್ನಡದ ಪ್ರೇಕ್ಷಕರಿಗೆ ಇದು ಸ್ವಲ್ಪ ಕಷ್ಟ, ನಿಜ. 'ಆಪ್ತಮಿತ್ರ' ನೆನಪು ಮಾಡಿಕೊಳ್ಳಿ. ಅಲ್ಲಿ ಗಂಗಾ ಯಾಕೆ ನಾಗವಲ್ಲಿ ಆಗುತ್ತಾಳೆ ಅನ್ನುವುದನ್ನು ಡಾಕ್ಟರ್ ವಿಜಯ್ ಗಂಡನಿಗೆ ಕೂತು ಬಿಡಿಸಿ ಹೇಳುತ್ತಾರೆ. ದೆವ್ವ ಅಂತ ಶುರುವಾಗಿ ಮನೋರೋಗದಲ್ಲಿ ಮುಗಿಯುವ ಕಥೆ. ಆ ವಿವರಣೆ ಅಲ್ಲಿಗೆ ಬೇಕೇ ಬೇಕು, ಯಾಕೆಂದರೆ ಗಂಗಾಗೆ ಚಿಕಿತ್ಸೆ ಆಗಬೇಕಿದೆ. 'ದಿ ಶೈನಿಂಗ್' ಅದೇ ದಾರಿಯಲ್ಲಿ ಎದುರಿನಿಂದ ಬರುತ್ತದೆ. ಮನೋರೋಗ ಅಂತ ಶುರುವಾಗಿ ದೆವ್ವದಲ್ಲಿ ಮುಗಿಯುತ್ತದೆ. ಅಲ್ಲಿ ಯಾರಿಗೂ ಚಿಕಿತ್ಸೆ ಇಲ್ಲ, ಡಾಕ್ಟರ್ ಕೂತು ಹೇಳುವುದಕ್ಕೆ ಏನೂ ಉಳಿದಿಲ್ಲ.

ಗ್ರೇಡಿಯ ಹೆಸರು. ಇಂಟರ್‌ವ್ಯೂ ದೃಶ್ಯದಲ್ಲಿ ಮ್ಯಾನೇಜರ್ ಅಲ್ಮನ್ ಹೇಳುವ ಪ್ರಕಾರ 1970ರ ಚಳಿಗಾಲದಲ್ಲಿ ಚಾರ್ಲ್ಸ್ ಗ್ರೇಡಿ ಅನ್ನುವವನು ಹೆಂಡತಿಯನ್ನೂ, ಸುಮಾರು ಎಂಟು, ಹತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳನ್ನೂ ಕೊಡಲಿಯಿಂದ ಕೊಂದ. ಕೆಂಪು ಬಚ್ಚಲಲ್ಲಿ ಸಿಗುವ ವೇಟರ್ ತನ್ನ ಹೆಸರು ಡೆಲ್ಬರ್ಟ್ ಗ್ರೇಡಿ ಅನ್ನುತ್ತಾನೆ. ಇಬ್ಬರು ಗ್ರೇಡಿಗಳು, ಒಬ್ಬ 1920ರ ಕಾಲದವನು, ಇನ್ನೊಬ್ಬ ಅವನ ಮರುಹುಟ್ಟು ಅನ್ನುವ ವಾದ ಇದೆ. ಕೊನೆಯ ಫೋಟೋ ಜೊತೆ ಇದು ಚೆನ್ನಾಗಿಯೇ ಹೊಂದುತ್ತದೆ. ಹುಡುಗಿಯರ ವಿಷಯದಲ್ಲಿ ಮಾತ್ರ ನಾನು ಅಷ್ಟು ಉದಾರಿ ಅಲ್ಲ. ಮಾತಿನಲ್ಲಿ ಎಂಟು, ಹತ್ತು. ಕಾರಿಡಾರಿನಲ್ಲಿ ಕೈ ಹಿಡಿದು ನಿಂತವರು ಅವಳಿಜವಳಿ. ಅವಳಿ ಹುಡುಗಿಯರು ಪರದೆ ಮೇಲೆ ಚೆನ್ನಾಗಿ ಕಂಡರು, ಹಾಕಿಕೊಂಡರು, ಮಾತು ತಿದ್ದಲಿಲ್ಲ. ಅಷ್ಟೇ.

ಪ್ರಾಣಿ ವೇಷದವನ ಗುಟ್ಟು ಪುಸ್ತಕದಲ್ಲಿದೆ. ಸ್ಟೀಫನ್ ಕಿಂಗ್ ಅವರ ಕಾದಂಬರಿ ಬಂದದ್ದು 1977ರಲ್ಲಿ. ಅದರಲ್ಲಿ ಹೋಟೆಲಿನ ಹಳೆಯ ಮಾಲೀಕ ಡರ್ವೆಂಟ್, ಅವನ ಬೆನ್ನು ಬಿದ್ದು ನಾಯಿ ವೇಷ ಹಾಕಿ ಅವಮಾನ ಅನುಭವಿಸುವ ರೋಜರ್ ಅನ್ನುವವನು, ಒಂದು ವೇಷದ ಪಾರ್ಟಿ, ಎಲ್ಲ ವಿವರವಾಗಿದೆ. ಸಿನಿಮಾದಲ್ಲಿ ಕಥೆ ಹೋಯಿತು, ವೇಷ ಉಳಿಯಿತು. ವೆಂಡಿ ಚಾಕು ಹಿಡಿದು ಓಡುತ್ತಾಳೆ, ಬಾಗಿಲು ತೆರೆದಿದೆ, ಇಬ್ಬರು ತಿರುಗಿ ನೋಡುತ್ತಾರೆ. ಮುಗೀತು. ನಮ್ಮ ಸಿನಿಮಾದ ತಾಯಿತವೂ ಹೀಗೇ ಅಲ್ವಾ ಅನ್ನಬಹುದು. ಅಲ್ಲ. ತಾಯಿತದ ಮೇಲೆ ಕ್ಲೈಮ್ಯಾಕ್ಸ್ ನಿಂತಿತ್ತು. ವೇಷದವನ ಮೇಲೆ ಏನೂ ನಿಂತಿಲ್ಲ. ಅಲ್ಲಿಯವರೆಗೆ ವೆಂಡಿಯ ಕಣ್ಣಿಗೆ ಒಂದು ದೆವ್ವವೂ ಬಿದ್ದಿರಲಿಲ್ಲ. ಈಗ ಅವಳಿಗೂ ಕಾಣಲು ಶುರುವಾಯಿತು, ನಮಗೆ ಬೇಕಾದದ್ದು ಅಷ್ಟು ಸುದ್ದಿ. ಬೇರೆಯವರ ಮನೆಯಲ್ಲಿ ನೋಡಬಾರದ್ದು ನೋಡಿದರೆ ಹೇಗೆ ಮೈ ಜುಮ್ಮೆನ್ನುತ್ತದೋ ಹಾಗೆ. ಪರಿಚಯ ಮಾಡಿಸಿದ್ದರೆ ಆ ಜುಮ್ಮು ಹೋಗುತ್ತಿತ್ತು.

ಹ್ಯಾಲೊರನ್ ಸಾವಿನ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಫ್ಲೋರಿಡಾದಲ್ಲಿ ಮಂಚದ ಮೇಲೆ ಮಲಗಿದ್ದವನಿಗೆ ಡ್ಯಾನಿಯ ಕೂಗು ಮುಟ್ಟುತ್ತದೆ. ಫೋನ್ ಮಾಡುತ್ತಾನೆ, ವಿಮಾನ ಹತ್ತುತ್ತಾನೆ, ಕಾರು ಓಡಿಸುತ್ತಾನೆ, ಹಿಮದ ಮೇಲೆ ಹೋಗುವ ಸ್ನೋಕ್ಯಾಟ್ ತರುತ್ತಾನೆ. ಒಳಗೆ ಬಂದು ನಾಲ್ಕು ಹೆಜ್ಜೆ ಇಟ್ಟ ತಕ್ಷಣ ಎದೆಗೆ ಕೊಡಲಿ. ಪುಸ್ತಕದಲ್ಲಿ ಅವನು ಬದುಕುತ್ತಾನೆ, ತಾಯಿ ಮಗನನ್ನು ಕಾಪಾಡಿಕೊಂಡು ಹೊರಡುತ್ತಾನೆ. ಸಿನಿಮಾದಲ್ಲಿ ಅವನನ್ನು ಕರೆಸಿದ್ದು ಯಾಕೆ ಅಂದರೆ, ಕಸುಬಿನ ಭಾಷೆಯಲ್ಲಿ ಹೇಳಬೇಕೆಂದರೆ, ವಾಹನಕ್ಕಾಗಿ. ಹೋಟೆಲಿನ ಸ್ನೋಕ್ಯಾಟನ್ನು ಜಾಕ್ ಹಾಳು ಮಾಡಿದ್ದಾನೆ. ತಾಯಿ ಮಗ ತಪ್ಪಿಸಿಕೊಳ್ಳಲು ಇನ್ನೊಂದು ಬೇಕು. ಅದನ್ನು ಯಾರಾದರೂ ಓಡಿಸಿಕೊಂಡು ಬರಬೇಕು. ಲೆಕ್ಕ ಸರಿಯಾಗಿದೆ, ಗೊಂದಲ ಇಲ್ಲ. ಆದರೂ ನನಗೆ ಪ್ರತಿ ಸಲ ಬೇಜಾರಾಗುತ್ತದೆ. ಕಥೆಯಲ್ಲಿ ಇಷ್ಟು ಹೊತ್ತು ನಮ್ಮ ಪ್ರೀತಿ ಗಳಿಸಿದ ಮನುಷ್ಯನನ್ನು ಡ್ರೈವರ್ ಮಾಡಿ ಕಳಿಸಿಬಿಟ್ಟರು.

ನೀವು ಕೇಳದ ಒಂದು ತೂತು ಹೇಳುತ್ತೇನೆ, ಯಾಕೆಂದರೆ ನನಗೆ ಅದೇ ಜಾಸ್ತಿ ಇಷ್ಟ. ಉದ್ದದ ಸಿನಿಮಾದಲ್ಲಿ ವೆಂಡಿ ಡಾಕ್ಟರಿಗೆ ಹೇಳುತ್ತಾಳೆ: ಕುಡಿದು ಬಂದ ಜಾಕ್ ಮಗನ ಕೈ ಜಗ್ಗಿ ಭುಜ ತಪ್ಪಿಸಿದ, ಅವತ್ತೇ ಕುಡಿತ ಬಿಟ್ಟ, ಈಗ ಐದು ತಿಂಗಳಾಯ್ತು. ಆಮೇಲೆ ಬಾರಿನಲ್ಲಿ ಜಾಕ್ ಲಾಯ್ಡ್ ಹತ್ತಿರ ಅದೇ ಘಟನೆ ಹೇಳುತ್ತಾನೆ: ಅದಾಗಿ ಮೂರು ವರ್ಷ ಆಯ್ತು! ಅದೇ ಮಾತುಕತೆಯಲ್ಲಿ ಕುಡಿಯದೆ ಐದು ತಿಂಗಳಾಯ್ತು ಅಂತಲೂ ಅನ್ನುತ್ತಾನೆ. ಹಾಗಾದರೆ ಮಗನ ಭುಜ ತಪ್ಪಿಸಿದ ಮೇಲೂ ಎರಡೂವರೆ ವರ್ಷ ಕುಡಿದನಾ? ಅಥವಾ ಒಬ್ಬರು ಸುಳ್ಳು ಹೇಳುತ್ತಿದ್ದಾರಾ? ಡಾಕ್ಟರ್ ಎದುರು ವೆಂಡಿ ಸಿಗರೇಟು ಹಿಡಿದುಕೊಂಡು, ಇಲ್ಲದ ನಗು ತಂದುಕೊಂಡು ಮಾತಾಡುವುದನ್ನು ನೋಡಿ. ಗಂಡನ ಮರ್ಯಾದೆ ಮುಚ್ಚಿಡುವ ಹೆಂಗಸು ಹೇಗೆ ಮಾತಾಡುತ್ತಾಳೆ ಅನ್ನುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಗಿಡ್ಡ ಸಿನಿಮಾದಲ್ಲಿ ಡಾಕ್ಟರ್ ದೃಶ್ಯವೇ ಇಲ್ಲ. ಅಲ್ಲಿಗೆ ಈ ಪ್ರಶ್ನೆಯೂ ಹೋಯಿತು, ಆ ಮನೆಯಲ್ಲಿ ಹೋಟೆಲಿಗೆ ಬರುವ ಮೊದಲೇ ಒಂದು ದೆವ್ವ ಇತ್ತು ಅನ್ನುವ ಸುಳಿವೂ ಹೋಯಿತು. ಅದಕ್ಕೇ ನಾನು ಉದ್ದದ್ದನ್ನೇ ನೋಡಿ ಅನ್ನುವುದು.

ನಿಜವಾಗಿ ಸೋಮಾರಿತನದ ಮಾತು ಒಂದಿದೆ. 1907ರಲ್ಲಿ ಹೋಟೆಲು ಕಟ್ಟಲು ಶುರು ಮಾಡಿದೆವು, 1909ರಲ್ಲಿ ಮುಗಿಯಿತು, ಈ ಜಾಗ ಮೂಲನಿವಾಸಿಗಳ ಸ್ಮಶಾನವಂತೆ ಅಂತ ಮ್ಯಾನೇಜರ್ ನಡೆದಾಡುತ್ತಾ ಹೇಳಿಬಿಡುತ್ತಾನೆ. ಮತ್ತೆ ಆ ಮಾತು ಯಾರೂ ಎತ್ತುವುದಿಲ್ಲ. ಕಾಣುವ ದೆವ್ವಗಳೆಲ್ಲ ಬಿಳಿಯರದೇ. ಸ್ಮಶಾನದ ಮೇಲೆ ಮನೆ ಕಟ್ಟಿದರು ಅನ್ನುವುದು ಎಲ್ಲ ಊರಲ್ಲೂ ಸಿಗುವ ಅಗ್ಗದ ಕಾರಣ. ಆ ಒಂದು ಸಾಲು ಹಿಡಿದು ಜನ ಪುಸ್ತಕದಷ್ಟು ಬರೆದಿದ್ದಾರೆ. ನನಗೆ ಕೇಳಿದರೆ ಆ ಸಾಲು ಇಲ್ಲದಿದ್ದರೂ ನಡೆಯುತ್ತಿತ್ತು.

ಇನ್ನು ಫೋಟೋ. ಓವರ್‌ಲುಕ್ ಹೋಟೆಲು, ಜುಲೈ 4ರ ಪಾರ್ಟಿ, 1921. ಎಲ್ಲರ ಮುಂದೆ ನಗುತ್ತಾ ನಿಂತವನು ಜಾಕ್. ಇದಕ್ಕೂ ಕುಬ್ರಿಕ್ ಅದೇ ಸಂದರ್ಶನದಲ್ಲಿ ಒಂದು ಮಾತು ಕೊಟ್ಟಿದ್ದಾರೆ: ಅದು ಜಾಕ್‌ನ ಪುನರ್ಜನ್ಮವನ್ನು ಸೂಚಿಸುತ್ತದೆ. ನಮಗೆ ಪುನರ್ಜನ್ಮ ಹೊಸದೇನಲ್ಲ, ಹಾಗಾಗಿ ನಮ್ಮವರಿಗೆ ಇದು ಬೇಗ ಹಿಡಿಸಬೇಕಿತ್ತು. ಗೊಂದಲ ಆಗುವುದು ಸುಳಿವುಗಳು ದೂರ ದೂರ ಬಿದ್ದಿರುವುದರಿಂದ. ಒಂದು ಬೆಳಗ್ಗೆ ತಿಂಡಿ ತಿನ್ನುತ್ತಾ ಜಾಕ್ ಹೇಳುತ್ತಾನೆ, ಇಂಟರ್‌ವ್ಯೂಗೆ ಬಂದಾಗಲೇ ಇಲ್ಲಿಗೆ ಮೊದಲೇ ಬಂದ ಹಾಗೆ ಅನ್ನಿಸಿತು ಅಂತ. ಅದಾಗಿ ಎಷ್ಟೋ ಹೊತ್ತಿನ ಮೇಲೆ ಗ್ರೇಡಿ ಹೇಳುತ್ತಾನೆ, ಇಲ್ಲಿನ ಕಾವಲುಗಾರ ಯಾವತ್ತೂ ನೀವೇ. ಕೊನೆಗೆ ಫೋಟೋ. ಈ ಮೂರರ ನಡುವೆ ಸೇತುವೆ ಆಗಬೇಕಿದ್ದ ವಸ್ತು ಒಂದಿತ್ತು. ಕಾದಂಬರಿಯಲ್ಲಿ ಜಾಕ್‌ಗೆ ನೆಲಮಾಳಿಗೆಯಲ್ಲಿ ಹೋಟೆಲಿನ ಹಳೇ ಪತ್ರಿಕೆ ತುಣುಕುಗಳನ್ನು ಅಂಟಿಸಿದ ದೊಡ್ಡ ಆಲ್ಬಂ ಸಿಗುತ್ತದೆ. ಅದನ್ನು ಓದುತ್ತಾ ಓದುತ್ತಾ ಹೋಟೆಲಿನ ಮೋಡಿಗೆ ಬೀಳುತ್ತಾನೆ. ಸಿನಿಮಾದಲ್ಲಿ ಅದು ಸಿಗುವ ದೃಶ್ಯ ಇಲ್ಲ. ನಿಮಗೆ ಫೋಟೋ ದಿಢೀರ್ ಅಂತ ಬಂದ ಹಾಗೆ ಅನ್ನಿಸಿದ್ದರೆ, ಕಾಲಿಗೆ ಸಿಗದೇ ಹೋದ ಮೆಟ್ಟಿಲು ಅದು. ಇಲ್ಲಿ ತಪ್ಪು ನಿಮ್ಮದಲ್ಲ.

ಅಂದಹಾಗೆ ಆ ಫೋಟೋ ಅಸಲಿ. ಹಳೆಯ ಫೋಟೋದಲ್ಲಿ ಒಬ್ಬನ ಮುಖ ತೆಗೆದು ನಟ ಜಾಕ್ ನಿಕೋಲ್ಸನ್ ಮುಖ ಕೂರಿಸಿದ್ದಾರೆ. ಮೂಲ ಫೋಟೋ ಪತ್ತೆಯಾದದ್ದು 2025ರಲ್ಲಿ: ಲಂಡನ್ನಿನ ಒಂದು ಹೋಟೆಲಿನಲ್ಲಿ 1921ರ ಫೆಬ್ರವರಿ 14ರಂದು ನಡೆದ ಡಾನ್ಸ್ ಪಾರ್ಟಿ, ಮುಖ ಕಳೆದುಕೊಂಡವನು ಸ್ಯಾಂಟೋಸ್ ಕಸಾನಿ ಅನ್ನುವ ಡಾನ್ಸ್ ಮೇಷ್ಟ್ರು. ನಾಲ್ಕು ದಶಕ ಆ ಮನುಷ್ಯ ಜಾಕ್‌ನ ಹಿಂದೆ ಅಡಗಿ ನಿಂತಿದ್ದ. ಇದೇ ಒಂದು ದೆವ್ವದ ಕಥೆ.

ಕತ್ತರಿಸಿ ಎಸೆದ ಆಸ್ಪತ್ರೆಯ ದೃಶ್ಯದಲ್ಲಿ ಮ್ಯಾನೇಜರ್ ವೆಂಡಿಯನ್ನು ನೋಡಲು ಬರುತ್ತಾನೆ, ಹೊರಡುವಾಗ ಡ್ಯಾನಿ ಕಡೆಗೆ ಒಂದು ಹಳದಿ ಟೆನಿಸ್ ಚೆಂಡು ಎಸೆಯುತ್ತಾನೆ. 237ನೇ ಕೋಣೆಯ ಹತ್ತಿರ ಆಡುತ್ತಿದ್ದ ಡ್ಯಾನಿಯ ಕಡೆಗೆ ಉರುಳಿ ಬಂದಿತ್ತಲ್ಲ, ಅಂಥದ್ದೇ ಚೆಂಡು. ಅಂದರೆ ಮ್ಯಾನೇಜರ್‌ಗೂ ಎಲ್ಲ ಗೊತ್ತಿತ್ತಾ? ಅದು ಉಳಿದಿದ್ದರೆ ನಿಮ್ಮ ಪಟ್ಟಿಗೆ ಇನ್ನೊಂದು ಪ್ರಶ್ನೆ ಸೇರುತ್ತಿತ್ತು, ಉತ್ತರ ಮಾತ್ರ ಸೇರುತ್ತಿರಲಿಲ್ಲ. ತೆಗೆದದ್ದೇ ಒಳ್ಳೆಯದಾಯ್ತು.

ನಿಜಕ್ಕೂ ಕಲಸುಮೇಲೋಗರ ಆದ ಕಥೆ ನೋಡಬೇಕು ಅಂದರೆ 1977ರ 'ಎಕ್ಸಾರ್ಸಿಸ್ಟ್ 2' ನೋಡಿ. ಬಿಡುಗಡೆ ಆದಮೇಲೆ ಜನ ಬೇಸರಪಟ್ಟಿದ್ದಕ್ಕೆ ನಿರ್ದೇಶಕ ಜಾನ್ ಬೂರ್‌ಮನ್ ಅದನ್ನೂ ಮತ್ತೆ ಕತ್ತರಿಸಿದರು. ಅಲ್ಲಿ ಇಬ್ಬರ ಮನಸ್ಸು ಜೋಡಿಸುವ ಮಿನುಗು ದೀಪದ ಯಂತ್ರ ಇದೆ, ಆಫ್ರಿಕಾದ ಮಿಡತೆಗಳಿವೆ, ಕೊನೆಯಲ್ಲಿ ಒಬ್ಬಳೇ ಹುಡುಗಿ ಇಬ್ಬರಾಗುತ್ತಾಳೆ. ಯಾಕೆ ಅನ್ನುವುದಕ್ಕೆ ವಿವರಣೆ ಮೇಲೆ ವಿವರಣೆ ಕೊಡುತ್ತಾರೆ. ಆ ಕ್ಷಣದಲ್ಲಿ ಯಾರಿಗೆ ಏನಾಗುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಹೆದರಬೇಕೋ ಬೇಡವೋ ಅಂತ ಯೋಚಿಸುವಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ.

ಎಲ್ಲಕ್ಕೂ ಉತ್ತರ ಇರುವ 'ಶೈನಿಂಗ್' ಕೂಡ ಇದೆ. ಕುಬ್ರಿಕ್ ಮಾಡಿದ್ದು ಇಷ್ಟವಾಗದೆ ಕಿಂಗ್ ಅವರೇ ಚಿತ್ರಕಥೆ ಬರೆದು 1997ರಲ್ಲಿ ಟಿವಿಗೆ ಮೂರು ಕಂತು ಮಾಡಿಸಿದರು. ಒಂದು ಸಂದೇಹವೂ ಉಳಿಯುವುದಿಲ್ಲ. ನಾನು ನೋಡುತ್ತಾ ನಿದ್ದೆ ಮಾಡಿದೆ.

ಮತ್ತೊಮ್ಮೆ ನೋಡುವ ಮನಸ್ಸಿದ್ದರೆ 144 ನಿಮಿಷದ್ದೇ ಹುಡುಕಿ. ಜಾಕ್ ಟೈಪ್ ಮಾಡುತ್ತಿರುವಾಗ ವೆಂಡಿ ಮಾತಾಡಿಸಲು ಬಂದು ಬೈಸಿಕೊಳ್ಳುವ ದೃಶ್ಯ ಬರುತ್ತದಲ್ಲ, ಅಲ್ಲಿ ನಿಲ್ಲಿಸಿ. ಅವನ ಹಿಂದೆ ಗೋಡೆ ಪಕ್ಕದಲ್ಲಿ ಒಂದು ಕುರ್ಚಿ ಒಂದು ಶಾಟಿನಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅದು ದೆವ್ವದ ಕೆಲಸ ಅನ್ನುವವರಿದ್ದಾರೆ, ಸೆಟ್ಟಿನಲ್ಲಿ ಯಾರೋ ಎತ್ತಿಟ್ಟು ಮರೆತಿರಬೇಕು ಅನ್ನುವುದು ನನ್ನ ಲೆಕ್ಕ. ಕುರ್ಚಿ ಬಿಡಿ, ಮೇಜು ನೋಡಿ. ಟೈಪ್‌ರೈಟರ್ ಪಕ್ಕದಲ್ಲಿ ಒಂದು ದಪ್ಪ ಆಲ್ಬಂ ತೆರೆದು ಬಿದ್ದಿದೆ. ಇಡೀ ಸಿನಿಮಾದಲ್ಲಿ ಯಾರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ.